ಇ-ಸ್ಪೋರ್ಟ್ಸ್ ಪ್ರಶ್ನಾವಳಿ: ತುಂಬುವ ಮೊದಲು ಓದಿ

ಗೆಳೆಯರೇ, ಕಾಸರಗೋಡು, ಮಂಜೇಶ್ವರ, ಪೆರಿಯದ ಕನ್ನಡ ವಿದ್ಯಾರ್ಥಿಗಳಿಗಾಗಿ ಪ್ರಶ್ನಾವಳಿ ಸಿದ್ಧವಾಗಿದೆ. ಇ-ಸ್ಪೋರ್ಟ್ಸ್, ಅಂದರೆ ಸ್ಪರ್ಧಾತ್ಮಕ ವಿಡಿಯೋ ಗೇಮ್ ಬಗ್ಗೆ ನಿಮ್ಮ ಮನೋಭಾವವೇನು ಎಂಬುದಷ್ಟೇ ನಮಗೆ ಬೇಕು. ಆಡದವರೂ ತುಂಬಲೇಬೇಕು, ಇಲ್ಲದಿದ್ದರೆ ಫಲಿತಾಂಶ ಒಂದೇ ಕಡೆಗೆ ವಾಲುತ್ತದೆ.

ಪ್ರತಿ ಹೇಳಿಕೆಗೂ 1ರಿಂದ 5ರವರೆಗೆ ಅಂಕ: 1 ಎಂದರೆ ಸ್ವಲ್ಪವೂ ಒಪ್ಪುವುದಿಲ್ಲ, 5 ಎಂದರೆ ಪೂರ್ತಿ ಒಪ್ಪುತ್ತೇನೆ. ‘ತಂಡವಾಗಿ ಆಡುವುದನ್ನು ಇದು ಕಲಿಸುತ್ತದೆ’ ಎಂಬುದರ ಬೆನ್ನಿಗೇ ‘ಇದು ಬರೀ ಕಾಲಹರಣ’ ಎಂದೂ ಇದೆ. ಬೇಕೆಂದೇ ಹಾಗಿಟ್ಟಿದ್ದೇವೆ. ಎರಡನೆಯದರ ಅಂಕವನ್ನು ತಿರುಗಿಸಿ ಎಣಿಸುತ್ತೇವೆ, 5 ಇದ್ದದ್ದು 1 ಆಗುತ್ತದೆ. ಓದದೆ ಎಲ್ಲದಕ್ಕೂ ಒಂದೇ ಅಂಕವನ್ನು ಒತ್ತುತ್ತಾ ಹೋದರೆ ಉತ್ತರ ಅರ್ಥ ಕಳೆದುಕೊಳ್ಳುತ್ತದೆ.

ಹಣ ಕಟ್ಟಿ ಆಡುವ ರಮ್ಮಿಯನ್ನು ದಯವಿಟ್ಟು ಇದರೊಂದಿಗೆ ಬೆರೆಸಬೇಡಿ. 2023ರಲ್ಲಿ ಹಾಂಗ್‌ಝೌ ಏಷ್ಯನ್ ಗೇಮ್ಸ್‌ನಲ್ಲಿ ಪದಕ ಕೊಟ್ಟದ್ದು ಇ-ಸ್ಪೋರ್ಟ್ಸ್‌ಗೆ. ಹೆಸರು, ಫೋನ್ ಸಂಖ್ಯೆ ಬರೆಯುವುದು ಬೇಡ. ಭಾನುವಾರ ರಾತ್ರಿಯೊಳಗೆ ಕಳುಹಿಸಿ.