‘ಸಾಕು’ ಎನ್ನಬೇಕಾದವರು ಯಾರು?

ಮಾನ್ಯ ಸಂಪಾದಕರೇ,

ಕ್ರೈಸ್ತ ನಂಬಿಕೆ ಮತ್ತು ಐಶ್ವರ್ಯದ ಬಗ್ಗೆ ನಿಮ್ಮ ವಾಚಕರ ವಿಭಾಗದಲ್ಲಿ ನಡೆಯುತ್ತಿರುವ ಚರ್ಚೆಯನ್ನು ಓದುತ್ತಿದ್ದೇನೆ. ನಂಬಿದವರಿಗೆ ದೇವರು ಕೈತುಂಬ ಕೊಡುತ್ತಾನೆ, ಸಿಗದಿದ್ದರೆ ನಂಬಿಕೆಯಲ್ಲೇ ಕೊರತೆ ಎಂದು ಒಬ್ಬರು ಬರೆದರು. ಇನ್ನೊಬ್ಬರು ಅದನ್ನು ಖಂಡಿಸಿ, ಬಡವರು ಇದ್ದುದರಲ್ಲೇ ತೃಪ್ತರಾಗಿರುವುದೇ ಕ್ರೈಸ್ತ ಮಾರ್ಗ ಎಂದರು. ನಾನು ಕ್ರೈಸ್ತ ಸಭೆಯೊಂದರ (ಚರ್ಚಿನ) ಖಜಾಂಚಿ. ಕಾಣಿಕೆ ಎಣಿಸಿ, ರಸೀದಿ ಬರೆದು, ವರ್ಷದ ಕೊನೆಗೆ ಲೆಕ್ಕಪರಿಶೋಧಕರ ಎದುರು ಕೂತೇ ಕೂದಲು ನರೆತವಳು. ಈ ಇಬ್ಬರದೂ ಬೇರೆ ಬೇರೆ ವಾದವೆಂದು ನನಗೆ ಅನ್ನಿಸಲಿಲ್ಲ. ಇಬ್ಬರ ಬೆರಳೂ ಇಲ್ಲದವರ ಕಡೆಗೇ ತೋರುತ್ತಿದೆ.

ಮೊದಲನೆಯವರಿಗೆ ಹೆಚ್ಚು ಹೇಳಬೇಕಿಲ್ಲ. ‘ನನ್ನನ್ನು ಬಲಪಡಿಸುವಾತನಲ್ಲಿದ್ದುಕೊಂಡು ಎಲ್ಲಕ್ಕೂ ಶಕ್ತನಾಗಿದ್ದೇನೆ’ ಎಂಬ, ಕ್ರೈಸ್ತ ಧರ್ಮದ ಆರಂಭಕಾಲದ ಬೋಧಕ ಪೌಲನ ಮಾತನ್ನು ಅವರು ಉದ್ಧರಿಸಿದ್ದಾರೆ. ಫಿಲಿಪ್ಪಿ ಪಟ್ಟಣದ ಸಭೆಗೆ ಕಳಿಸಿದ ಪತ್ರದಲ್ಲಿ ಆ ಮಾತು ಬರೆದಾಗ ಪೌಲ ಸೆರೆಯಲ್ಲಿದ್ದ. ಅದರ ಹಿಂದಿನ ವಚನದಲ್ಲಿ ಹಸಿದಿರುವುದು, ತೃಪ್ತನಾಗಿರುವುದು ಎರಡೂ ತನಗೆ ಗೊತ್ತು ಎನ್ನುತ್ತಾನೆ. ಎಲ್ಲಕ್ಕೂ ಶಕ್ತನೆಂದರೆ ಹಸಿವಿಗೂ ಶಕ್ತನೆಂದೇ.

ಎರಡನೆಯವರದು ಕೇಳಲು ಭಕ್ತಿಯ ಮಾತು, ಅದಕ್ಕೇ ಅದರ ಬಗ್ಗೆ ನನಗೆ ಹೆಚ್ಚು ಭಯ. ಅದೇ ಪತ್ರದಲ್ಲಿ ಪೌಲ, ಇರುವ ಸ್ಥಿತಿಯಲ್ಲಿ ಸಂತುಷ್ಟನಾಗಿರುವುದನ್ನು ಕಲಿತುಕೊಂಡೆ ಎಂದದ್ದು ನಿಜ. ಕಲಿತವನು ಅವನೇ, ಹೇಳಿಕೊಂಡದ್ದೂ ತನ್ನ ಬಗ್ಗೆಯೇ. ಹಸಿದ ಇನ್ನೊಬ್ಬನನ್ನು ಮುಂದೆ ಕೂರಿಸಿಕೊಂಡು ಈ ಪಾಠ ಮಾಡಲಿಲ್ಲ. ಎಪಫ್ರೊದೀತನ ಕೈಯಲ್ಲಿ ಫಿಲಿಪ್ಪಿಯವರು ಕಳಿಸಿದ ಸಹಾಯ ಮುಟ್ಟಿತೆಂದು ತಿಳಿಸುವ ಪತ್ರವೂ ಅದೇ. ನನ್ನಂಥವಳ ಕಣ್ಣಿಗೆ ಅದು ಒಂದು ರಸೀದಿಯೂ ಹೌದು. ಕಷ್ಟದಲ್ಲಿರುವವನಿಗೆ ಫಿಲಿಪ್ಪಿಯ ಸಭೆ ಕಳಿಸಿದ್ದು ಬುದ್ಧಿಮಾತನ್ನಲ್ಲ.

ಪೌಲನ ಜೊತೆಗಾರ ತಿಮೊಥೆಯನಿಗೆ ಬರೆದ ಮೊದಲನೇ ಪತ್ರದ 6ನೇ ಅಧ್ಯಾಯವನ್ನೂ ಪೂರ್ತಿ ಓದಬೇಕು. ಅನ್ನವಸ್ತ್ರಗಳಿದ್ದರೆ ಸಾಕು ಎಂಬ ಮಾತು ಅಲ್ಲಿದೆ. ಆದರೆ ಅದಕ್ಕೂ ಮೊದಲು, ದೇವಭಕ್ತಿಯನ್ನು ಲಾಭಸಾಧನ ಮಾಡಿಕೊಂಡವರ ಮೇಲೆ ಟೀಕೆಯಿದೆ. ಕೊನೆಯಲ್ಲಿ, ಐಶ್ವರ್ಯವಂತರು ಗರ್ವಪಡದೆ ಧಾರಾಳವಾಗಿ ಕೊಡಬೇಕೆಂಬ ಆಜ್ಞೆಯಿದೆ. ನಡುವಿನ ವಚನ ಕಿತ್ತು ಬಡವರ ಕೈಗೆ ಕೊಡುವುದು ಪ್ರಾಮಾಣಿಕ ಓದಲ್ಲ.

ಲೂಕನ ಸುವಾರ್ತೆಯ 3ನೇ ಅಧ್ಯಾಯ ಇನ್ನೂ ಸ್ಪಷ್ಟ. ಪ್ರವಾದಿ ಸ್ನಾನಿಕ ಯೋಹಾನನ ಬಳಿಗೆ ಸಿಪಾಯಿಗಳು ಬಂದು, ನಾವೇನು ಮಾಡಬೇಕು ಎಂದು ಕೇಳುತ್ತಾರೆ. ಯಾರನ್ನೂ ಹೆದರಿಸಿ ಹಣ ಕಿತ್ತುಕೊಳ್ಳಬೇಡಿ, ಸುಳ್ಳು ದೂರು ಹೊರಿಸಬೇಡಿ, ನಿಮ್ಮ ಸಂಬಳ ಸಾಕೆಂದುಕೊಳ್ಳಿ ಎನ್ನುತ್ತಾನೆ. ‘ಸಾಕು’ ಎಂಬುದನ್ನು ಅವನು ಹೇಳಿದ್ದು ಕೈಯಲ್ಲಿ ಆಯುಧ ಇದ್ದವರಿಗೆ. ಅದೇ ಜನಸಂದಣಿಯಲ್ಲಿ ಎರಡು ಅಂಗಿ ಇದ್ದವನಿಗೆ, ‘ಇಲ್ಲದವನಿಗೆ ಒಂದನ್ನು ಕೊಡು’ ಎಂದ. ಅಂಗಿಯಿಲ್ಲದವನಿಗೆ ಏನನ್ನೂ ಹೇಳಲಿಲ್ಲ.

ಇದನ್ನು ಬರೆಯಲು ಕಾರಣವಿದೆ. ಮನೆಗೆಲಸ ಮಾಡುವ ಹೆಂಗಸೊಬ್ಬಳು ಪ್ರಾರ್ಥನಾ ಕೂಟದಲ್ಲಿ ಎದ್ದು, ಸಂಬಳ ಕೊಡದೆ ಸತಾಯಿಸುತ್ತಿದ್ದಾರೆ, ಪ್ರಾರ್ಥಿಸಿ ಎಂದಳು. ‘ಇರುವುದರಲ್ಲೇ ತೃಪ್ತಿಪಡಮ್ಮ, ದೇವರು ನೋಡಿಕೊಳ್ಳುತ್ತಾನೆ’ ಎಂದು ಒಬ್ಬರು ಸಮಾಧಾನ ಹೇಳಿದರು. ಕೂಟವೆಲ್ಲ ಆಮೆನ್ ಎಂದಿತು. ಸಂಬಳ ಹಿಡಿದಿಟ್ಟವರು ಯಾರೆಂದು ಯಾರೂ ಕೇಳಲಿಲ್ಲ. ಹೊಲ ಕೊಯ್ದವರಿಗೆ ಕೊಡದೆ ಹಿಡಿದ ಕೂಲಿ ಕೂಗುತ್ತಿದೆ, ಆ ಕೂಗು ದೇವರ ಕಿವಿಗೆ ಬಿದ್ದಿದೆ ಎಂದು ಬೈಬಲಿನ ಯಾಕೋಬನ ಪತ್ರ ಹೇಳುತ್ತದೆ. ದೇವರ ಕಿವಿಗೆ ಬಿದ್ದದ್ದು ನಮ್ಮ ಕಿವಿಗೆ ಬೀಳಲಿಲ್ಲವಲ್ಲ!

ಹಣವೇ ಪಾಪ ಎಂದು ನಾನು ಹೇಳುತ್ತಿಲ್ಲ. ಯೇಸುವಿನ ಜೊತೆ ತಿರುಗಾಡಿದ ತಂಡದ ಖರ್ಚಿಗೆ ಯೋಹಾನಳು, ಸುಸನ್ನಳು ಮೊದಲಾದ ಹೆಂಗಸರು ತಮ್ಮ ಆಸ್ತಿಯಿಂದ ಕೊಡುತ್ತಿದ್ದರೆಂದು ಲೂಕ ದಾಖಲಿಸಿದ್ದಾನೆ (ಚರ್ಚಿನ ಬೋಧನೆಗಳಲ್ಲಿ ಈ ಹೆಸರುಗಳು ಕೇಳಿಬರುವುದೇ ಅಪರೂಪ). ಯೇಸುವಿನ ದೇಹವನ್ನು ಇಟ್ಟದ್ದು ಅರಿಮಥಾಯದ ಐಶ್ವರ್ಯವಂತ ಯೋಸೇಫನ ಸಮಾಧಿಯಲ್ಲಿ. ಸುಂಕ ವಸೂಲಿಗಾರ ಜಕ್ಕಾಯನಂತೂ ನನಗೆ ಬಹಳ ಹಿಡಿಸಿದವನು. ಅರ್ಧ ಆಸ್ತಿ ಬಡವರಿಗೆ, ಮೋಸದಿಂದ ತೆಗೆದುಕೊಂಡದ್ದಕ್ಕೆ ನಾಲ್ಕರಷ್ಟು ವಾಪಸು ಎಂದು ಎದ್ದು ನಿಂತು ಲೆಕ್ಕ ಒಪ್ಪಿಸಿದ. ಯೇಸು ‘ಈ ಹೊತ್ತು ಈ ಮನೆಗೆ ರಕ್ಷಣೆಯಾಯಿತು’ ಎಂದದ್ದು ಆ ಲೆಕ್ಕ ಕೇಳಿದ ಮೇಲೆ.

ತೃಪ್ತಿಗೆ ಅಂಕಿಸಂಖ್ಯೆ ಇರುತ್ತದೆಯೇ ಎಂದು ಕೇಳಬಹುದು. ಆಕ್ಸ್‌ಫರ್ಡಿನ ಆರಂಭದ ಮೆಥೊಡಿಸ್ಟರಲ್ಲಿ ಒಬ್ಬರ ಲೆಕ್ಕವನ್ನು ಆ ಕ್ರೈಸ್ತ ಪಂಥದ ಸ್ಥಾಪಕ ಜಾನ್ ವೆಸ್ಲಿ ಒಂದು ಬೋಧನೆಯಲ್ಲಿ ಕೊಟ್ಟಿದ್ದಾರೆ. ಅದು ವೆಸ್ಲಿಯವರದೇ ಲೆಕ್ಕವೆಂದು ಅನೇಕರು ತಿಳಿಯುತ್ತಾರೆ. ವರ್ಷಕ್ಕೆ 30 ಪೌಂಡ್ ಬಂದಾಗ ಆ ವ್ಯಕ್ತಿ 28ರಲ್ಲಿ ಬದುಕಿ 2 ಪೌಂಡ್ ದಾನ ಮಾಡಿದರು. ಮರುವರ್ಷ 60 ಬಂತು, ಖರ್ಚು ಮತ್ತೆ 28, ದಾನ 32. ಮೂರನೇ ವರ್ಷ 90 ಬಂದಾಗಲೂ 28ರಲ್ಲೇ ಇದ್ದು 62 ಕೊಟ್ಟರು. ವರಮಾನ ಏರಿತು, ಅಗತ್ಯ ಏರಲಿಲ್ಲ. ಇಷ್ಟು ಚೆಂದದ ಆಯವ್ಯಯ ಪಟ್ಟಿಯನ್ನು ನಾನು ಬೇರೆಲ್ಲೂ ನೋಡಿಲ್ಲ. ನನ್ನ ಮನೆಯ ಪಟ್ಟಿಯಂತೂ ಹಾಗಿಲ್ಲ.

ಐಶ್ವರ್ಯವೇ ಆಶೀರ್ವಾದವೆಂದು ಬೋಧಿಸುವವರು ಪ್ರವಾದಿ ಮಲಾಕಿಯನ ಪುಸ್ತಕದ 3ನೇ ಅಧ್ಯಾಯದ 10ನೇ ವಚನವನ್ನು ಬಿಡದೆ ಓದುತ್ತಾರೆ: ದಶಮಾಂಶ (ವರಮಾನದ ಹತ್ತನೇ ಒಂದು ಪಾಲು) ತನ್ನಿ, ದೇವರು ಆಕಾಶದ ದ್ವಾರಗಳನ್ನು ತೆರೆಯುತ್ತಾನೆ. ನನ್ನ ಕೋರಿಕೆ ಚಿಕ್ಕದು. ಐದು ವಚನ ಮೇಲಿನಿಂದ ಓದಲು ಶುರುಮಾಡಿ. ಕೂಲಿಯ ವಿಷಯದಲ್ಲಿ ಕೂಲಿಯವನನ್ನು, ವಿಧವೆಯನ್ನು, ತಂದೆಯಿಲ್ಲದವರನ್ನು ಬಾಧಿಸುವವರ ವಿರುದ್ಧ ದೇವರೇ ಸಾಕ್ಷಿಯಾಗಿ ನಿಲ್ಲುವುದು ಅಲ್ಲಿ, 5ನೇ ವಚನದಲ್ಲಿ. ಅದನ್ನು ಗಟ್ಟಿಯಾಗಿ ಓದಿದ ಮೇಲೆ ಕಾಣಿಕೆ ಚೀಲ ಕಳಿಸಲಿ. ಎಣಿಸುವ ಕೆಲಸ ನನ್ನದು. ಆ ದಿನ ಮೊತ್ತ ಕಡಿಮೆಯಾದರೂ ಹಾಗೆಯೇ ಬರೆದುಕೊಳ್ಳುತ್ತೇನೆ.

ಇಂತಿ,
ಒಬ್ಬ ಸಭಾ ಖಜಾಂಚಿ