ಮಾಸಾಶನ ಸಾಲದ ಕಂತಿಗಲ್ಲ

ಮಾನ್ಯ ಸಂಪಾದಕರೇ,

ಶನಿವಾರದ ಲೋಕ ಅದಾಲತ್ ಬಗ್ಗೆ ಜಿಲ್ಲಾ ಪುಟದಲ್ಲಿ ಬಂದ ವರದಿಯಲ್ಲಿ ಎಷ್ಟು ಪ್ರಕರಣ ರಾಜಿಯಾದವು, ವೇದಿಕೆಯಲ್ಲಿ ಯಾರ್ಯಾರಿದ್ದರು ಎಂಬುದೆಲ್ಲ ಇದೆ. ಬ್ಯಾಂಕ್ ಸಾಲದ ಪೀಠವನ್ನು ಮೊದಲ ಮಹಡಿಯಲ್ಲಿ ಹಾಕಿದ್ದರು ಎಂಬುದು ಮಾತ್ರ ಇಲ್ಲ. ಗಾಲಿಕುರ್ಚಿಯವರು, ಊರುಗೋಲಿನವರು ಮಧ್ಯಾಹ್ನದವರೆಗೆ ಮೆಟ್ಟಿಲ ಬುಡದಲ್ಲೇ ಕೂತಿದ್ದರು. ಅಚ್ಚು ಹಾಕಿಸಿದ ರಾಜಿ ಪತ್ರ ಮೇಲಿನಿಂದ ಇಳಿದು ಬಂತು, ಸಹಿ ಹೆಬ್ಬೆಟ್ಟು ಹಾಕಿಸಿಕೊಂಡು ಮತ್ತೆ ಮೇಲೆ ಹೋಯಿತು. ಕಣ್ಣು ಕಾಣದವರಿಗೂ ಅದನ್ನು ಯಾರೂ ಓದಿ ಹೇಳಲಿಲ್ಲ. ಇದನ್ನು ‘ಸೌಹಾರ್ದ ಇತ್ಯರ್ಥ’ ಎಂದು ಬರೆಯುವುದು ಅನ್ಯಾಯ.

ಆ ಪತ್ರದಲ್ಲಿ ಮರುಪಾವತಿಯ ಮೂಲ ಎಂಬಲ್ಲಿ ಬ್ಯಾಂಕಿನವರೇ ‘ಅಂಗವಿಕಲ ವೇತನ’ ಎಂದು ತುಂಬಿಕೊಂಡು ಬಂದಿದ್ದರು. ಸಿಟ್ಟು ಬಂದದ್ದು ಇದಕ್ಕೆ. ಶೇ 40ಕ್ಕಿಂತ ಹೆಚ್ಚು ಅಂಗವೈಕಲ್ಯ ಇರುವವರಿಗೆ ತಿಂಗಳಿಗೆ 800 ರೂಪಾಯಿ, ಶೇ 75 ದಾಟಿದವರಿಗೆ 1,400. ವರ್ಷಕ್ಕೆ 9,600 ಅಥವಾ 16,800. ಔಷಧಿ, ಕ್ಯಾಥೆಟರ್, ಆಟೋ ಬಾಡಿಗೆಗೇ ಸಾಕಾಗದ ಹಣ ಇದು. ಇದರಲ್ಲಿ 500 ರೂಪಾಯಿ ಕಂತು ಹೇಗೆ ಹುಟ್ಟುತ್ತದೆ? ಸಾಲದೆಂಬಂತೆ ಮನೆಯ ಯಜಮಾನಿಗೆ ಬರುವ ಗೃಹಲಕ್ಷ್ಮಿಯ 2,000 ರೂಪಾಯಿಯನ್ನೂ ಸಾಲಗಾರನ ಆದಾಯಕ್ಕೆ ಸೇರಿಸುತ್ತಾರೆ. ಅದು ಆಕೆಯದು. ಆಕೆ ಜಾಮೀನು ಹಾಕಿಲ್ಲದಿದ್ದರೆ ಆ ದುಡ್ಡಿನ ಸುದ್ದಿಗೆ ಹೋಗುವ ಹಕ್ಕು ಬ್ಯಾಂಕಿಗಿಲ್ಲ.

ಮಾಸಾಶನ ಸಾಲದ ಬ್ಯಾಂಕಿಗೇ ಹೋಗಿ ಬೀಳುವುದು ಹೇಗೆ ಎಂಬುದನ್ನು ನಾಡಕಚೇರಿಯವರು ಯಾರಿಗೂ ಬಿಡಿಸಿ ಹೇಳುವುದಿಲ್ಲ. ಹಣ ಬರುವುದು ಆಧಾರ್ ಜೋಡಣೆಯ ಮೇಲೆ. ಎನ್‌ಪಿಸಿಐ ಮ್ಯಾಪಿಂಗ್‌ನಲ್ಲಿ (ಯಾರ ಆಧಾರ್ ಯಾವ ಬ್ಯಾಂಕಿಗೆ ಎಂಬ ರಾಷ್ಟ್ರೀಯ ಪಾವತಿ ನಿಗಮದ ಪಟ್ಟಿಯಲ್ಲಿ) ಕೊನೆಗೆ ಜೋಡಣೆಯಾದ ಬ್ಯಾಂಕ್ ಯಾವುದೋ ಅಲ್ಲಿಗೆ ಜಮೆ. ಸಾಲ ಮಂಜೂರು ಮಾಡುವಾಗ ಹೊಸ ಖಾತೆ ತೆರೆದು, ಡಿಬಿಟಿ (ಸರ್ಕಾರದ ಹಣ ನೇರವಾಗಿ ಖಾತೆಗೆ ಬರುವ ವ್ಯವಸ್ಥೆ) ಒಪ್ಪಿಗೆಯ ನಮೂನೆಗೂ ಜೊತೆಯಲ್ಲೇ ಸಹಿ ಹಾಕಿಸಿಕೊಂಡರೆ ಮುಂದಿನ ತಿಂಗಳಿಂದ ಮಾಸಾಶನ ಅಲ್ಲಿಗೆ ಹೋಗುತ್ತದೆ, ಕಂತನ್ನು ಖಾತೆಯಿಂದ ತಾನಾಗಿ ಮುರಿದುಕೊಳ್ಳುವ ಆಟೋ ಡೆಬಿಟ್ ಅದನ್ನು ನುಂಗುತ್ತದೆ. ಆದ್ದರಿಂದ ಸಾಲ ಪರಿಹಾರದ ಅರ್ಜಿ ಬರೆಯುವ ಮೊದಲೇ ಸಾಲವಿಲ್ಲದ ಬೇರೆ ಬ್ಯಾಂಕಿನಲ್ಲೋ ಅಂಚೆ ಪಾವತಿ ಬ್ಯಾಂಕಿನಲ್ಲೋ ಕನಿಷ್ಠ ಬಾಕಿಯ ಕಟ್ಟುಪಾಡಿಲ್ಲದ ಖಾತೆ ತೆರೆದು, ಡಿಬಿಟಿ ಜೋಡಣೆಯನ್ನು ಅಲ್ಲಿಗೆ ಬದಲಿಸಿಕೊಳ್ಳಬೇಕು. ಆಮೇಲೆ ಆಟೋ ಡೆಬಿಟ್ ರದ್ದು ಮಾಡುವಂತೆ ಖಾತೆಯ ಬ್ಯಾಂಕಿಗೂ ಸಾಲ ಕೊಟ್ಟವರಿಗೂ ಬರಹದಲ್ಲಿ ಕೊಟ್ಟು, ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಬೇಕು. ಖಾತೆ ಖಾಲಿ ಇಟ್ಟು ಸುಮ್ಮನಿರುವುದು ಅಪಾಯ. ಕಂತು ವಾಪಸಾದಾಗಲೆಲ್ಲ ಎರಡೂ ಕಡೆ ದಂಡ ಬೀಳುತ್ತದೆ, ಖಾತೆಯ ಬ್ಯಾಂಕು ಹಾಕುವ ದಂಡಕ್ಕೆ ಶೇ 18 ಜಿಎಸ್‌ಟಿ ಬೇರೆ. 2007ರ ಪಾವತಿ ಮತ್ತು ಇತ್ಯರ್ಥ ವ್ಯವಸ್ಥೆಗಳ ಕಾಯ್ದೆಯ 25ನೇ ಸೆಕ್ಷನ್ ಪ್ರಕಾರ, ಹಣವಿಲ್ಲದೆ ಮರಳಿದ ಆಟೋ ಡೆಬಿಟ್‌ಗೂ ಚೆಕ್ ಬೌನ್ಸ್‌ನಂತೆ ಕ್ರಿಮಿನಲ್ ಕೇಸು ಹಾಕಬಹುದು. ವಸೂಲಿಯವರು ಮನೆ ಬಾಗಿಲಲ್ಲಿ ನಿಂತು ಜೈಲು ಜೈಲು ಎನ್ನುವುದು ಇದನ್ನೇ ಹಿಡಿದುಕೊಂಡು. ಬೆಳಿಗ್ಗೆ 8ಕ್ಕೆ ಮೊದಲು, ಸಂಜೆ 7ರ ನಂತರ ಫೋನ್ ಮಾಡಬಾರದು ಎಂದು ರಿಸರ್ವ್ ಬ್ಯಾಂಕ್ 2022ರ ಆಗಸ್ಟ್‌ನಲ್ಲೇ ಹೇಳಿದೆ. ಅದನ್ನು ಮಾತ್ರ ಅವರು ಹೇಳುವುದಿಲ್ಲ.

ಅರ್ಜಿಯೊಂದಿಗೆ ಸಾಲದ ಲೆಕ್ಕಪತ್ರ ಕೇಳಿ ಪಡೆಯಿರಿ. ಅದರಲ್ಲಿ ಅಸಲು, ಬಡ್ಡಿ, ದಂಡಶುಲ್ಕ ಬೇರೆಬೇರೆ ಇರಬೇಕು. ದಂಡವನ್ನು ಅಸಲಿಗೆ ಸೇರಿಸಿ ಅದಕ್ಕೂ ಬಡ್ಡಿ ಹಾಕುವಂತಿಲ್ಲ ಎಂಬ ರಿಸರ್ವ್ ಬ್ಯಾಂಕಿನ ನಿಯಮ 2024ರಿಂದ ಜಾರಿಯಲ್ಲಿದೆ. ಇನ್ನೊಂದನ್ನು ಬಹಳ ಮಂದಿ ಮರೆಯುತ್ತಾರೆ: ಸಾಲ ಪಡೆದ ಮೇಲೆ ಅಪಘಾತದಿಂದ ಅಂಗವಿಕಲರಾಗಿದ್ದರೆ ಮೊದಲು ವಿಮೆ ಹುಡುಕಬೇಕು. ಸಾಲ ಕೊಡುವಾಗಲೇ ವಿಮಾ ಕಂತು ಮುರಿದುಕೊಂಡಿರುತ್ತಾರೆ, ಪಾಲಿಸಿ ಕಾಗದ ಸಾಲಗಾರನ ಕೈಗೆ ಬಂದಿರುವುದಿಲ್ಲ. ವರ್ಷಕ್ಕೆ 20 ರೂಪಾಯಿ ಕಡಿತವಾಗುವ ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆಯಲ್ಲೇ ಅಪಘಾತದಲ್ಲಿ ಒಂದು ಕೈ, ಕಾಲು ಅಥವಾ ಕಣ್ಣು ಹೋದರೆ 1 ಲಕ್ಷ, ಎರಡೂ ಹೋದರೆ 2 ಲಕ್ಷ ಇದೆ. ಸಾಲ ವಸೂಲಿಗೆ ಮನೆ ಹುಡುಕಿಕೊಂಡು ಬರುವ ಬ್ಯಾಂಕು ಇದನ್ನು ಹೇಳಲು ಒಂದು ಫೋನ್ ಮಾಡುವುದಿಲ್ಲ.

ಲೋಕ ಅದಾಲತ್‌ಗೆ ಹೋಗಲೇಬಾರದು ಎಂದು ಯಾರೂ ತಿಳಿಯಬಾರದು. ಶುಲ್ಕವಿಲ್ಲ, ಕೇಸು ದಾಖಲಾಗುವ ಮೊದಲೇ ಅರ್ಜಿ ಕೊಡಬಹುದು. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ 12ನೇ ಸೆಕ್ಷನ್‌ನಲ್ಲಿ ಅಂಗವಿಕಲರಿಗೆ ಆದಾಯ ನೋಡದೆ ಉಚಿತ ವಕೀಲರನ್ನು ಕೊಡಬೇಕೆಂದಿದೆ, ಸಹಾಯವಾಣಿ 15100. ಆದರೆ ಅಲ್ಲಿ ಆದ ಆದೇಶ ಸಿವಿಲ್ ಕೋರ್ಟಿನ ಡಿಕ್ರಿಗೆ (ತೀರ್ಪಿಗೆ) ಸಮ, ಮೇಲ್ಮನವಿ ಇಲ್ಲ. ಹಾಗಿರುವಾಗ ‘ಒಂದು ಕಂತು ತಪ್ಪಿದರೂ ರಿಯಾಯಿತಿ ರದ್ದು, ಪೂರ್ತಿ ಬಾಕಿ ಬಡ್ಡಿಸಹಿತ ಕೊಡತಕ್ಕದ್ದು’ ಎಂಬ ಸಾಲು ಇದ್ದರೆ ಹೆಬ್ಬೆಟ್ಟು ಒತ್ತಬಾರದು. ಮಾಸಾಶನವೇ ಎರಡು ಮೂರು ತಿಂಗಳು ತಡವಾಗುವ ರಾಜ್ಯದಲ್ಲಿ ಕಂತು ತಪ್ಪದೆ ಇನ್ನೇನಾಗುತ್ತದೆ? ಇತ್ಯರ್ಥದ ಮೊತ್ತ ಕಟ್ಟಿದ ಮೇಲೆ ಜಾಮೀನುದಾರರೂ ಬಿಡುಗಡೆ ಎಂದು ಅದರಲ್ಲೇ ಬರೆಸಬೇಕು. ಬರೆಸದಿದ್ದರೆ ಉಳಿಕೆಗೆ ಅಣ್ಣನಿಗೋ ನೆರೆಯವರಿಗೋ ನೋಟಿಸ್ ಹೋಗುತ್ತದೆ. ಇನ್ನು ಹಳೆಯ ಸಾಲವಿದ್ದವರು ಗಮನಿಸಿ: ದಾವೆ ಹೂಡಲು ಸಾಮಾನ್ಯವಾಗಿ 3 ವರ್ಷದ ಕಾಲಮಿತಿ. ಅದು ಮುಗಿಯುವುದರೊಳಗೆ ‘ಸಾಲ ಬಾಕಿ ಇರುವುದು ನಿಜ’ ಎಂದು ಸಹಿ ಹಾಕಿದರೆ, ಸಹಿಯೊಂದಿಗೆ 100 ರೂಪಾಯಿ ಕಟ್ಟಿದರೂ ಕೂಡ, ಮೂರು ವರ್ಷ ಮತ್ತೆ ಮೊದಲಿನಿಂದ ಶುರು. ‘ಸುಮ್ಮನೆ ಒಂದು ಸಹಿ’ ಎಂದು ಮನೆಗೆ ಬರುವುದು ಇದಕ್ಕಾಗಿಯೇ.

ಸಂಪಾದಕರೇ, ಇಷ್ಟೆಲ್ಲ ಪಾಡು ಬೇಡವಾಗುವಂಥ ಕಾನೂನು ಪುಸ್ತಕದಲ್ಲಿದೆ. 2016ರ ದಿವಾಳಿ ಸಂಹಿತೆಯ 80ನೇ ಸೆಕ್ಷನ್‌ನಿಂದ ಮುಂದೆ ‘ಫ್ರೆಶ್ ಸ್ಟಾರ್ಟ್’ ಎಂಬ ಅಧ್ಯಾಯ. ವರ್ಷದ ಆದಾಯ 60,000, ಆಸ್ತಿ 20,000, ಸಾಲ 35,000 ರೂಪಾಯಿ ಮೀರದ, ಸ್ವಂತ ಮನೆ ಇಲ್ಲದ ವ್ಯಕ್ತಿ ಅರ್ಜಿ ಹಾಕಿ ಸಾಲದಿಂದ ಬಿಡುಗಡೆ ಪಡೆಯಬಹುದು. ಅರ್ಜಿ ಅಂಗೀಕಾರವಾದರೆ 180 ದಿನ ಯಾರೂ ವಸೂಲಿಗೆ ಬರುವಂತಿಲ್ಲ. ಮಾಸಾಶನವೊಂದನ್ನೇ ನಂಬಿದವರಿಗೆಂದೇ ಅಳತೆ ಕೊಟ್ಟು ಹೊಲಿಸಿದಂತಿದೆ. ಕಂಪನಿ ಸಾಲಕ್ಕೆ ಖಾತರಿ ನಿಂತವರ ಭಾಗವನ್ನು 2019ರ ಡಿಸೆಂಬರ್ 1ರಿಂದ ಜಾರಿಗೆ ತಂದರು. ಬಡವರ ಈ ಅಧ್ಯಾಯವನ್ನು ಜಾರಿಗೇ ತರಲಿಲ್ಲ. ನಮ್ಮ ಸಂಸದರಲ್ಲಿ ಒಬ್ಬರಾದರೂ ಇದನ್ನು ಕೇಳಬಾರದೇ?

ರಾಜ್ಯದ್ದೂ ಅದೇ ಕಥೆ. ಕರ್ನಾಟಕದ ಋಣ ಪರಿಹಾರ ಕಾಯ್ದೆ 2019ರ ಜುಲೈನಲ್ಲಿ ಜಾರಿಯಾಯಿತು. ಲೇವಾದೇವಿಯವರ ಸಾಲಕ್ಕೆ, ವರ್ಷಕ್ಕೆ 1.20 ಲಕ್ಷದೊಳಗಿನ ಆದಾಯದ ದುರ್ಬಲರಿಗೆ ಅನ್ವಯ. ಅರ್ಜಿ ಹಾಕಲು ಇದ್ದದ್ದು 90 ದಿನ, ಹಾಕಬೇಕಾಗಿದ್ದದ್ದು ಉಪವಿಭಾಗಾಧಿಕಾರಿ ಕಚೇರಿಯಲ್ಲಿ. ಹಾಸಿಗೆ ಹಿಡಿದವರು 90 ದಿನದಲ್ಲಿ ಸಾಲದ ದಾಖಲೆ ಎಲ್ಲಿಂದ ತರಬೇಕಿತ್ತು? ಲೇವಾದೇವಿಯವನು ರಸೀದಿ ಕೊಡುತ್ತಾನೆಯೇ? 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 24ನೇ ಸೆಕ್ಷನ್ ಪ್ರಕಾರ ಇತರರಿಗೆ ಕೊಡುವ ನೆರವಿಗಿಂತ ಅಂಗವಿಕಲರಿಗೆ ಕನಿಷ್ಠ ಶೇ 25 ಹೆಚ್ಚು ಕೊಡಬೇಕು. ವೃದ್ಧರಿಗೆ ಕೊಡುವ ಸಂಧ್ಯಾ ಸುರಕ್ಷಾ 1,200 ಇರುವಾಗ ಅಂಗವಿಕಲರ ಮಾಸಾಶನ 1,500 ಆಗಬೇಕಿತ್ತು. ಕೊಡುತ್ತಿರುವುದು 800 ಮತ್ತು 1,400. ಅದೇ ಕಾಯ್ದೆಯಂತೆ ಹಳೆಯ ಸಾರ್ವಜನಿಕ ಕಟ್ಟಡಗಳಿಗೆ ಇಳಿಜಾರು ದಾರಿ, ಲಿಫ್ಟ್ ಮಾಡಿಸಲು ಇದ್ದ ಐದು ವರ್ಷದ ಗಡುವು 2022ಕ್ಕೇ ಮುಗಿಯಿತು. ತಾಲ್ಲೂಕು ಕಚೇರಿಯಲ್ಲೇ ಇಳಿಜಾರಿನ ಮೇಲೆ ಬೈಕು ನಿಲ್ಲಿಸುತ್ತಾರೆ, ತಹಶೀಲ್ದಾರರು ಅದರ ಪಕ್ಕದಲ್ಲೇ ದಿನಾ ಓಡಾಡುತ್ತಾರೆ.

ಬರ ಪರಿಹಾರವನ್ನು ಸಾಲಕ್ಕೆ ಜಮೆ ಮಾಡಿಕೊಳ್ಳಬೇಡಿ ಎಂದು 2024ರಲ್ಲಿ ಹಲವು ಜಿಲ್ಲಾಧಿಕಾರಿಗಳು ಬ್ಯಾಂಕುಗಳಿಗೆ ತಾಕೀತು ಮಾಡಿದ್ದರು. ಆ ಧೈರ್ಯ ಅಂಗವಿಕಲರ ಮಾಸಾಶನದ ವಿಷಯದಲ್ಲೂ ಬರಲಿ. ಜಿಲ್ಲೆಯ ಬ್ಯಾಂಕುಗಳನ್ನು ಸಮನ್ವಯಗೊಳಿಸುವ ಲೀಡ್ ಬ್ಯಾಂಕ್ ಮ್ಯಾನೇಜರರು ಶಾಖೆಗಳಿಗೆ ಒಂದು ಸುತ್ತೋಲೆ ಕಳಿಸಲಿ, ಈವರೆಗೆ ಮುರಿದುಕೊಂಡ ಮಾಸಾಶನ ವಾಪಸು ಕೊಡಿಸಲಿ. ಕೊಡಿಸಲಾಗದಿದ್ದರೆ ಸಾಲವನ್ನೇ ಮನ್ನಾ ಮಾಡಲಿ, ಏನಾದರೊಂದು ಮಾಡಲಿ. ಬ್ಯಾಂಕಿನವರು ಸರ್ಕಾರದ ಆದೇಶ ತೋರಿಸಿ ಎನ್ನುತ್ತಾರೆ, ಕಂದಾಯದವರು ಬ್ಯಾಂಕು ನಮ್ಮ ಅಧೀನವಲ್ಲ ಎನ್ನುತ್ತಾರೆ, ಕಲ್ಯಾಣಾಧಿಕಾರಿಗಳು ಸಭೆಯಲ್ಲಿದ್ದೇವೆ ಎನ್ನುತ್ತಾರೆ. ತಿಂಗಳಿಗೆ 800 ರೂಪಾಯಿಯ ಮೇಲೆ ಕೈಯಿಡಲು ನಾಚಿಕೆಯಾಗದವರಿಗೆ ಸಂಬಳ ಯಾಕೆ ಕೊಡಬೇಕು?

ಇಂತಿ,
ಅಂಗವಿಕಲರ ಅರ್ಜಿಗಳನ್ನು ಬರೆದುಕೊಡುವ ಓದುಗರು