ಪುಟ್ಟನ ಕಿವಿಗೆ ಆರು ವಾರ

ಕುಂಬಳೆ
ಭಾನುವಾರ ರಾತ್ರಿ

ಪ್ರೀತಿಯ ಮಗಳೇ,

ನಿನ್ನೆ ಫೋನಿನಲ್ಲಿ ನೀನು ಅತ್ತದ್ದು ಇನ್ನೂ ಕಿವಿಯಲ್ಲೇ ಇದೆ. "ಅಮ್ಮ, ಪುಟ್ಟನಿಗೆ ಆಪರೇಷನ್ ಮಾಡಿ ಹಾಕಿದ ಕಾಕ್ಲಿಯರ್ ಇಂಪ್ಲಾಂಟ್ ಮೆಷಿನ್ ಸ್ವಿಚ್ ಆನ್ ಮಾಡಿ ಆರು ವಾರ ಆಯ್ತು. ಬೆನ್ನ ಹಿಂದೆ ನಿಂತು ಕರೆದರೆ ಈಗಲೂ ತಿರುಗುವುದಿಲ್ಲ. ಇಷ್ಟೆಲ್ಲ ಮಾಡಿದ್ದು ಸುಮ್ನೆ ಆಯ್ತಾ?" ಅಂದೆ. ಆಗ ಬಾಯಿಗೆ ಬಂದ ಏನೋ ಸಮಾಧಾನ ಹೇಳಿ ಫೋನ್ ಇಟ್ಟೆ. ಅದು ಉತ್ತರವಲ್ಲ ಅಂತ ನನಗೇ ಗೊತ್ತಿತ್ತು. ಇಷ್ಟು ವರ್ಷ ಊರಿನ ಮಕ್ಕಳಿಗೆ ವಿಜ್ಞಾನ ಕಲಿಸಿದವಳು ನಾನು. ನನ್ನ ಮಗಳಿಗೆ ಸರಿಯಾಗಿ ಹೇಳದಿದ್ದರೆ ಹೇಗೆ? ಅದಕ್ಕೇ ಬರೆಯಲು ಕೂತೆ.

ಮೊದಲು ಲೆಕ್ಕ ಸರಿ ಮಾಡಿಕೊಳ್ಳುವ. ಪುಟ್ಟನಿಗೆ ಎರಡು ವರ್ಷ ಎರಡು ತಿಂಗಳು. ಆದರೆ ಅವನ ಕಿವಿಗೆ ಆರು ವಾರ ಅಷ್ಟೆ. ಕಿವಿ ಕೇಳುವ ಮಕ್ಕಳು ಹೊಟ್ಟೆಯಲ್ಲಿ ಆರು ತಿಂಗಳಾಗುವ ಹೊತ್ತಿಗೇ ಶಬ್ದ ಕೇಳಲು ಶುರು ಮಾಡುತ್ತಾರೆ. ಹುಟ್ಟಿದ ಮೇಲೆ ಮತ್ತೆ ಸುಮಾರು ಒಂದು ವರ್ಷ ಕೇಳಿ ಕೇಳಿ, ಆಮೇಲೆ ಮೊದಲ ಮಾತು. ನೀನು ಆರು ವಾರದ ಕೂಸಾಗಿದ್ದಾಗ ನಾನು ದಿನಕ್ಕೆ ನೂರು ಸಲ ನಿನ್ನ ಹೆಸರು ಕರೆಯುತ್ತಿದ್ದೆ. ನೀನು ತಿರುಗಲಿಲ್ಲ ಅಂತ ಒಂದು ದಿನವೂ ಅತ್ತಿಲ್ಲ. ತಿರುಗಬೇಕು ಅಂತ ಅನಿಸಿಯೇ ಇರಲಿಲ್ಲ.

ಅವನಿಗೆ ಹಾಕಿರುವುದು ಮಾಮೂಲಿ ಕಿವಿಯ ಮೆಷಿನ್ ಅಲ್ಲವಲ್ಲ. ಅದು ಶಬ್ದವನ್ನು ಜೋರು ಮಾಡುತ್ತದೆ. ಈ ಇಂಪ್ಲಾಂಟ್ ನೇರವಾಗಿ ಕಿವಿಯ ನರಕ್ಕೆ ಕರೆಂಟು ಕೊಡುತ್ತದೆ. ಒಳಗಿವಿ ಬಸವನಹುಳುವಿನ ಚಿಪ್ಪಿನ ಹಾಗೆ ಎರಡೂವರೆ ಸುತ್ತು ಸುತ್ತಿಕೊಂಡಿದೆ. ಶಬ್ದದ ಸುದ್ದಿಯನ್ನು ನರಕ್ಕೆ ಮುಟ್ಟಿಸುವ ಕೆಲಸ ಅಲ್ಲಿರುವ ಸುಮಾರು 3,500 ಸಣ್ಣ ಕೂದಲುಕೋಶಗಳದ್ದು. ಪುಟ್ಟನಲ್ಲಿ ಕೆಟ್ಟಿರುವುದು ಅವೇ. ಅವುಗಳ ಹಿಂದಿನ ನರ, ಅದರ 30,000ದಷ್ಟು ಎಳೆಗಳು, ಕೆಲಸಕ್ಕೆ ಕಾದು ಕೂತಿವೆ. ಡಾಕ್ಟರು ಚಿಪ್ಪಿನೊಳಗೆ ತೂರಿಸಿದ ತಂತಿಯಲ್ಲಿ ಕರೆಂಟು ಹೊರಬರುವ ಜಾಗಗಳು ಕಂಪೆನಿಗೆ ತಕ್ಕಂತೆ 12ರಿಂದ 22 ಇರುತ್ತವೆ. ಹಕ್ಕಿಯ ಚಿಲಿಪಿಲಿಯಂಥ ತೆಳು ಶಬ್ದಕ್ಕೆ ಬಾಗಿಲ ಹತ್ತಿರದ್ದು, ಗುಡುಗಿನಂಥ ದಪ್ಪ ಶಬ್ದಕ್ಕೆ ಒಳ ಸುತ್ತಿನದ್ದು. 30,000 ಎಳೆಗಳಿಗೆ ಬರೀ 22 ಕಡೆಯಿಂದ ಸುದ್ದಿ! ಉಳಿದದ್ದನ್ನೆಲ್ಲ ಮೆದುಳೇ ತುಂಬಿಕೊಳ್ಳಬೇಕು. ಈ ಒಂದು ಮಾತು ಅರ್ಥವಾದರೆ ನಿನ್ನ ಅರ್ಧ ಹೆದರಿಕೆ ಇಳಿಯುತ್ತದೆ ಅಂತ ನನ್ನ ನಂಬಿಕೆ.

ಬ್ಯಾಟರಿ ಕಂಡುಹಿಡಿದ ವೋಲ್ಟಾ ತನ್ನ ಎರಡೂ ಕಿವಿಗೆ ಲೋಹದ ಕಡ್ಡಿ ಇಟ್ಟುಕೊಂಡು ಕರೆಂಟು ಹರಿಸಿ ನೋಡಿದ್ದ. 1800ರಲ್ಲಿ ಅದನ್ನು ಬರೆದಿದ್ದಾನೆ. ತಲೆಗೆ ಒಂದು ಏಟು ಬಿದ್ದ ಹಾಗಾಯಿತಂತೆ. ಆಮೇಲೆ ಗಟ್ಟಿಯಾದ ಏನೋ ಕೊತಕೊತ ಕುದಿಯುವ ಸದ್ದು. ಓದಿದಾಗ ನನಗೆ ನೆನಪಾದದ್ದು ಒಲೆಯ ಮೇಲಿನ ಗಂಜಿ. ಬರೀ ಕರೆಂಟು ಕೊಟ್ಟರೆ ಸಿಗುವುದು ಅಷ್ಟೇ, ಗಂಜಿ ಕುದಿಯುವ ಸದ್ದು. ಅದನ್ನು ಹದ ಮಾಡಿ ಮಾತಿನ ಹತ್ತಿರ ತರಲು ಇನ್ನೂ ನೂರೈವತ್ತಕ್ಕಿಂತ ಜಾಸ್ತಿ ವರ್ಷ ಹಿಡಿಯಿತು. ಆಸ್ಟ್ರೇಲಿಯಾದ ಡಾಕ್ಟರ್ ಗ್ರೇಮ್ ಕ್ಲಾರ್ಕ್ ಅದಕ್ಕಾಗಿ ವರ್ಷಗಟ್ಟಲೆ ಒದ್ದಾಡಿದರು. ಅವರ ತಂದೆಗೇ ಕಿವಿ ಸರಿಯಾಗಿ ಕೇಳುತ್ತಿರಲಿಲ್ಲ. ಸುತ್ತಿಕೊಂಡ ಚಿಪ್ಪಿನೊಳಗೆ ತಂತಿಯನ್ನು ಗಾಯ ಮಾಡದೆ ಹೇಗೆ ತೂರಿಸುವುದು ಅಂತ ತಿಳಿಯದೆ ಕೂತಿದ್ದರು. 1977ರಲ್ಲಿ ಕಡಲ ಕರೆಯಲ್ಲಿ ಕೈಗೆ ಸಿಕ್ಕಿದ ಚಿಪ್ಪಿನೊಳಗೆ ಒಂದು ಹುಲ್ಲೆಸಳು ತೂರಿಸಿ ನೋಡಿದರು. ತುದಿ ಮೆತ್ತಗೆ, ಬುಡ ಸ್ವಲ್ಪ ಗಟ್ಟಿ ಇದ್ದರೆ ಅದು ತಾನಾಗಿ ಸುತ್ತಿಕೊಂಡು ಒಳಗೆ ಹೋಗುತ್ತದೆ ಅಂತ ಗೊತ್ತಾಯಿತು. ಮರು ವರ್ಷವೇ ಅವರ ಮೊದಲ ಆಪರೇಷನ್. ಬೇಕಲದ ಕಡಲ ಕರೆಯಲ್ಲಿ ನೀನು ಲಂಗದ ತುಂಬ ಹೆಕ್ಕಿ ತಂದ ಚಿಪ್ಪುಗಳು ಈಗಲೂ ಅಟ್ಟದ ಡಬ್ಬಿಯಲ್ಲಿವೆ. ಇವತ್ತು ಇಳಿಸಿ ನೋಡಿದೆ.

ಕೇಳಿದ್ದು ಮಾತಾಗುವುದು ಹೇಗೆ ಅಂತ ನಾನು ನನ್ನ ಮೈಯಲ್ಲೇ ಕಂಡಿದ್ದೇನೆ. ಪೆರ್ಲದಲ್ಲಿ ನಮ್ಮ ತೋಟದ ಮನೆಯ ಸುತ್ತ ಕನ್ನಡ, ತುಳು ಬಿಟ್ಟು ಬೇರೆ ಕೇಳುತ್ತಿರಲಿಲ್ಲ. ಮೊದಲ ಕೆಲಸ ಸಿಕ್ಕಿದ್ದು ನಮ್ಮ ಕಾಸರಗೋಡಿನದೇ ಹೊಸದುರ್ಗದ ಕಡೆಯ ಶಾಲೆಯಲ್ಲಿ. ಬಸ್ಸು ಹತ್ತಿದರೆ ಪೂರ್ತಿ ಮಲಯಾಳ. ತಗಡಿನ ಮಾಡಿನ ಮೇಲೆ ಮಳೆ ಬಿದ್ದ ಹಾಗೆ ಸುರಿಯುತ್ತಿತ್ತು. ಎಲ್ಲಿ ಒಂದು ಪದ ಮುಗಿಯಿತು, ಎಲ್ಲಿ ಇನ್ನೊಂದು ಶುರುವಾಯಿತು, ಒಂದೂ ತಿಳಿಯುತ್ತಿರಲಿಲ್ಲ. ಎರಡು ತಿಂಗಳು ಹಾಗೇ ಹೋಯಿತು. ಒಂದು ದಿನ ಪಕ್ಕದ ಹೆಂಗಸು ಮಗುವಿಗೆ "ಇವಿಡೆ ವಾ", ಇಲ್ಲಿ ಬಾ, ಅಂದಳು. ಆ ಎರಡು ಪದ ಮಳೆಯಿಂದ ಬೇರೆಯಾಗಿ ನನ್ನ ಮಡಿಲಿಗೆ ಬಿದ್ದವು. ಯಾರೂ ಕಲಿಸಿರಲಿಲ್ಲ. ಕಿವಿಯೂ ಅದೇ, ಬಸ್ಸೂ ಅದೇ. ಬದಲಾದದ್ದು ಮೆದುಳು. ಏನೂ ತಿಳಿಯದ ಆ ಎರಡು ತಿಂಗಳೂ ಅದು ಸುಮ್ಮನೆ ಕೂತಿರಲಿಲ್ಲ ಮಗಳೇ. ಪುಟ್ಟ ಈಗ ಇರುವುದು ಆ ಬಸ್ಸಿನಲ್ಲಿ.

ಈ ರೈಲು ಹಳಿ ಬದಿಯ ಮನೆಗೆ ಬಂದ ಹೊಸತರಲ್ಲಿ ಪ್ರತಿ ರಾತ್ರಿ ಗಾಡಿ ಹೋದಾಗ ನಾವೆಲ್ಲ ಎದ್ದು ಕೂರುತ್ತಿದ್ದೆವು, ನೆನಪಿದೆಯಾ? ಈಗ ಯಾವ ಗಾಡಿ ಹೋದದ್ದೂ ನನಗೆ ಗೊತ್ತಾಗುವುದಿಲ್ಲ. ಅದೂ ಮೆದುಳಿನದೇ ಕೆಲಸ. ದೊಡ್ಡವರಾದ ಮೇಲೆ ಕಿವಿ ಹೋಗಿ ಈ ಆಪರೇಷನ್ ಮಾಡಿಸಿಕೊಂಡ ಅನೇಕರಿಗೆ ಮೊದಮೊದಲು ಎಲ್ಲರ ದನಿಯೂ ಯಂತ್ರದ ಹಾಗೆ, ಕೀರಲಾಗಿ ಕೇಳುತ್ತದೆ. ತಿಂಗಳುಗಳು ಹೋದಂತೆ ಅದೇ ದನಿ ಮನುಷ್ಯರ ದನಿಯಾಗುತ್ತದೆ.

ಇನ್ನು ನೀನು ಕೇಳದೆ ಬಿಟ್ಟ ಪ್ರಶ್ನೆ. ನಾವು ತಡ ಮಾಡಿದೆವಾ ಅಂತ. ಗಂಡು ಮಕ್ಕಳಿಗೆ ಮಾತು ತಡ, ಕಾದು ನೋಡಿ ಅಂತ ಒಬ್ಬ ಡಾಕ್ಟರು ಹೇಳಿದರು. ನಾನೂ ಅದನ್ನೇ ಹೇಳಿದೆ. ನಿನಗೆ ಆಗಲೇ ಅನುಮಾನ ಇತ್ತು. ನನ್ನ ಮಾತು ಕೇಳಿ ಎಂಟು ತಿಂಗಳು ಕಾದೆ. ಆ ಎಂಟು ತಿಂಗಳು ನನ್ನ ಎದೆಯ ಮೇಲಿದೆ. ನಿನ್ನ ಮೇಲೆ ಹಾಕಿಕೊಳ್ಳಬೇಡ. ಸಮಯಕ್ಕೆ ಬೆಲೆ ಯಾಕೆ ಅಂದರೆ, ಕೇಳುವ ಕೆಲಸಕ್ಕೆ ಇಟ್ಟ ಮೆದುಳಿನ ಜಾಗಕ್ಕೆ ಶಬ್ದ ಬರದಿದ್ದರೆ ಅದು ಖಾಲಿ ಉಳಿಯುವುದಿಲ್ಲ. ನೋಟ, ಸ್ಪರ್ಶ ಅಲ್ಲಿಗೆ ಕಾಲಿಡುತ್ತವೆ. ಅಮೆರಿಕದಲ್ಲಿ ಅನು ಶರ್ಮಾ ಅನ್ನುವ ವಿಜ್ಞಾನಿ ಇಂಥ ಮಕ್ಕಳ ಮೆದುಳು ಶಬ್ದಕ್ಕೆ ಎಷ್ಟು ಬೇಗ ಉತ್ತರ ಕೊಡುತ್ತದೆ ಅಂತ ಅಳೆದಿದ್ದಾರೆ. ಮೂರೂವರೆ ವರ್ಷದೊಳಗೆ ಮೆಷಿನ್ ಬಂದ ಹೆಚ್ಚಿನ ಮಕ್ಕಳಲ್ಲಿ ಆರೆಂಟು ತಿಂಗಳಲ್ಲೇ ಅದು ಅದೇ ವಯಸ್ಸಿನ ಇತರ ಮಕ್ಕಳ ಸಮಕ್ಕೆ ಬಂದಿತ್ತು. ಏಳು ವರ್ಷ ದಾಟಿದವರಲ್ಲಿ ಹಾಗಾಗಲಿಲ್ಲ. ಎಲ್ಲ ಮಕ್ಕಳೂ ಒಂದೇ ಥರ ಅಂತ ನಾನು ಹೇಳುವುದಿಲ್ಲ. ಆದರೆ ನಮ್ಮ ಪುಟ್ಟನ ಬಾಗಿಲು ತೆರೆದೇ ಇದೆ.

ಎಂತ ಮಾಡಬೇಕು ಅಂದರೆ, ಎಚ್ಚರ ಇರುವಷ್ಟು ಹೊತ್ತೂ ಮೆಷಿನ್ ಅವನ ತಲೆಯ ಮೇಲಿರಲಿ. ಆಯಸ್ಕಾಂತದಿಂದ ತಲೆಗೆ ಅಂಟುವ ಆ ಬಿಲ್ಲೆಯನ್ನು, ಕಾಯಿಲನ್ನು, ಕಿತ್ತು ಕಬ್ಬಿಣದ ಕಪಾಟಿಗೆ ಅಂಟಿಸಿ ನಗುತ್ತಾನೆ ಅಂದೆಯಲ್ಲ, ಪ್ರತಿ ಸಲವೂ ತೆಗೆದು ಮತ್ತೆ ಹಾಕು, ಗದರಬೇಡ. ಕರೆಂಟಿನ ಮಟ್ಟವನ್ನು ಒಂದೊಂದು ಮ್ಯಾಪಿಂಗ್‌ನಲ್ಲಿ, ಅಂದರೆ ಮೆಷಿನನ್ನು ಅವನಿಗೆ ಹೊಂದಿಸುವಾಗ, ಸ್ವಲ್ಪ ಸ್ವಲ್ಪವೇ ಏರಿಸುತ್ತಾರೆ. ಅವನಿಗೆ ಈಗ ಬರುತ್ತಿರುವುದು ಮೆಲ್ಲಗಿನ ಸದ್ದು ಇರಬಹುದು. ತಿರುಗುವುದಿಲ್ಲ ಅಂತ ನನಗೆ ಹೇಳಿದ ಹಾಗೆಯೇ ಮೆಷಿನ್ ಹೊಂದಿಸುವ ಆಡಿಯಾಲಜಿಸ್ಟ್ ಹತ್ತಿರವೂ ಹೇಳು. ಅವನಿಗೆ ಕೇಳುತ್ತದಾ ಅಂತ ನೋಡಲು ಬೆಳಿಗ್ಗೆ ನೀನು ಕೇಳಿಸುವ ಆ ಆರು ಶಬ್ದ, ಆ, ಊ, ಈ, ಶ್, ಸ್, ಮ್, ಅದನ್ನು ಒಂದು ದಿನವೂ ಬಿಡಬೇಡ. ಅದು ಮುಗಿದ ಮೇಲೆ ಬೇರೆ ಪರೀಕ್ಷೆ ಬೇಡ. ದಿನವಿಡೀ ಬೆನ್ನ ಹಿಂದೆ ಹೋಗಿ ಚಪ್ಪಾಳೆ ತಟ್ಟಿ ನೋಡುತ್ತಾ ಇದ್ದರೆ ಮಾತಾಡುವುದು ಯಾವಾಗ? ಟಿವಿ ಆಫ್ ಮಾಡು, ಮಿಕ್ಸಿ ಆಮೇಲೆ ತಿರುಗಿಸು, ಹತ್ತಿರ ಕೂತು ಹೇಳು. ಅಕ್ಕಿ ತೊಳೆಯುತ್ತಿದ್ದೇನೆ. ನೋಡು, ನೀರು ಬಿತ್ತು. ಅಜ್ಜನ ಫೋನ್ ಬಂತು.

ಯಾವ ಭಾಷೆಯಲ್ಲಿ ಅಂತ ಕೇಳಿದೆಯಲ್ಲ. ಮನೆಯಲ್ಲಿ ಇಂಗ್ಲಿಷ್ ಮಾತ್ರ ಆಡಿ, ಮಗುವಿಗೆ ಗೊಂದಲ ಆಗುತ್ತದೆ ಅಂತ ಒಂದು ಕಡೆ ಹೇಳಿದ್ದು ನನಗೆ ಸ್ವಲ್ಪವೂ ಸರಿ ಕಾಣಲಿಲ್ಲ. ನೀನು ತಡವರಿಸದೆ ಮುದ್ದು ಮಾಡುವುದು ಯಾವ ಭಾಷೆಯಲ್ಲಿ? ಜೋಗುಳ ಬರುವುದು ಯಾವುದರಲ್ಲಿ? ಅದರಲ್ಲೇ ಆಡು. ಅರ್ಧ ಬರುವ ಭಾಷೆಯಲ್ಲಿ ಅಮ್ಮನ ಮಾತು ಅರ್ಧವಾಗುತ್ತದೆ. ಒಂದು ಭಾಷೆ ಗಟ್ಟಿಯಾಗಲಿ, ಮಲಯಾಳ ಕೋಝಿಕ್ಕೋಡಿನ ಬೀದಿಯಿಂದ ಆಮೇಲೆ ಬರುತ್ತದೆ. ಇಂಥ ಮೆಷಿನ್ ಇರುವ ಮಕ್ಕಳೂ ಎರಡು ಭಾಷೆ ಕಲಿಯುತ್ತಾರೆ.

ನಾನು ಶನಿವಾರ ಪರಶುರಾಮ್ ರೈಲಿನಲ್ಲಿ ಹೊರಟು ಬರುತ್ತೇನೆ. ಒಂದು ತಿಂಗಳು ಇರುತ್ತೇನೆ, ಅಪ್ಪ ಇಲ್ಲಿ ಸುಧಾರಿಸುತ್ತಾರೆ. ನೀನು ಸ್ವಲ್ಪ ಮಲಗು, ಆಗ ನಾನು ಮಾತಾಡುತ್ತೇನೆ. ಹಲಸಿನ ಹಪ್ಪಳ ಒಣಗಿದೆ, ಎರಡು ಕಟ್ಟು ತರುತ್ತೇನೆ. ತೆಂಗಿನೆಣ್ಣೆ ಹಾಕಿಡು. ಎಣ್ಣೆಗೆ ಬಿಟ್ಟಾಗ ಚರ್ ಅನ್ನುವುದನ್ನು, ಆಮೇಲೆ ಅವನ ಕಿವಿಯ ಹತ್ತಿರ ಪಟಕ್ಕನೆ ಮುರಿಯುವುದನ್ನು ನಾನೇ ಕೇಳಿಸಬೇಕು.

ನಿನ್ನ
ಅಮ್ಮ